ಮಾತು ಕಡಿಯದ ಓಟ

ಹೊತ್ತು ಮೂಡುವ ಮುಂಚೆ ಹೊನ್ನೂರಿನ ಗದ್ದೆ ಬಯಲಲ್ಲಿ ನಿಂತರೆ ಮೊದಲು ಕಿವಿಗೆ ಬೀಳುವುದು ಅವಳ ಹೆಜ್ಜೆ. ಮೊರದಲ್ಲಿ ರಾಗಿ ಕೇರುವ ಸದ್ದಿನ ಹಾಗೆ ಮೆತ್ತಗೆ, ಒಂದೇ ಲಯ. ನನ್ನ ಅಕ್ಕನ ಮಗಳು ಮೊದಲ ಹಾಫ್ ಮ್ಯಾರಥಾನ್‌ಗೆ ತಯಾರಾಗುತ್ತಿದ್ದಾಳೆ: 21 ಕಿಲೋಮೀಟರ್, ಮೇಲೆ 97.5 ಮೀಟರ್.

ನಾನು ಮಾರುಹೋದದ್ದು ಅವಳ ನಿಧಾನಕ್ಕೆ. ಓಡುತ್ತಲೇ, "ಮಾವ, ಕಾಫಿ ಆಯ್ತಾ? ಅಮ್ಮ ಎದ್ದಿದ್ದಾಳಾ?" ಎಂದು ಕೇಳುತ್ತಾಳೆ. ಮಾತು ಕಡಿದರೆ ವೇಗ ಹೆಚ್ಚಾಯಿತೆಂದೇ ಲೆಕ್ಕ; ಕೂಡಲೇ ನಡಿಗೆಗೆ ಇಳಿಯುತ್ತಾಳೆ. ಪಾದ ಮುಂದಕ್ಕೆ ಚಾಚುವುದಿಲ್ಲ, ಸೊಂಟದ ನೇರಕ್ಕೇ ಇಳಿಯುತ್ತದೆ. ಮಂಡಿ ತುಸು ಬಾಗಿ ನೆಲದ ಪೆಟ್ಟನ್ನು ನುಂಗಿಕೊಳ್ಳುತ್ತದೆ. ಹೆಗಲು ಸಡಿಲ, ಮುಷ್ಟಿಯಂತೂ ಒಳಗೊಂದು ಕೋಳಿಮರಿ ಇದೆಯೇನೋ ಎಂಬಷ್ಟು ಮೃದು.

ವಾರದಲ್ಲಿ ಮೂರು ಸಣ್ಣ ಓಟ, ಭಾನುವಾರ ಒಂದು ಉದ್ದನೆಯದು. 5 ಕಿಲೋಮೀಟರಿಗೆ ಶುರುವಾದದ್ದು ಈಗ 14ಕ್ಕೆ ಬಂದಿದೆ. ಮೂರು ವಾರ ಏರಿಸಿ, ನಾಲ್ಕನೆಯ ವಾರ ಇಳಿಸುತ್ತಾಳೆ. ದಣಿದ ಕಾಲು ಗಟ್ಟಿಯಾಗುವುದು ಆ ಬಿಡುವಿನಲ್ಲೇ. ಮನೆಗೆ ಬಂದರೆ ನಿಂಬೆ, ಬೆಲ್ಲ, ಚಿಟಿಕೆ ಉಪ್ಪಿನ ಪಾನಕ.

ಮಾದಪ್ಪನ ಬೆಟ್ಟಕ್ಕೆ ಕಾಲ್ನಡಿಗೆಯಲ್ಲಿ ಹೋಗುವವರ ಸೀಮೆ ನಮ್ಮದು. ತಾಳಬೆಟ್ಟದಿಂದ ಏರುವ ಅಜ್ಜಿಯರು ಹೆಜ್ಜೆ ಚಿಕ್ಕದು ಮಾಡಿ, ಉಸಿರು ಉಳಿಸಿಕೊಂಡೇ ಮೇಲೆ ಸೇರುತ್ತಾರೆ. ಆ ಜಾಣ್ಮೆಯೇ ಈ ಹುಡುಗಿಯ ಕಾಲಿಗೂ ಇಳಿದಿದೆ. ಬಿಳಿಗಿರಿರಂಗನ ಬೆಟ್ಟದ ಸಾಲಿನ ಮೇಲೆ ಬೆಳಕು ಹರಿಯುವಾಗ ಅವಳು ಬೆವರು ಒರೆಸುತ್ತಾ ಹಿಂದಿರುಗುತ್ತಾಳೆ. ಮಾತು ಇನ್ನೂ ಕಡಿದಿರುವುದಿಲ್ಲ.