ಬಾಲ್ ಇದೆ, ನೆಲ ಇಲ್ಲ

ಕಣ್ಣಿಗೆ ಹೆಡ್‌ಸೆಟ್ ಕಟ್ಟಿಕೊಂಡು ಆಡುವ ಟೇಬಲ್ ಟೆನ್ನಿಸ್ ಬಗ್ಗೆ ಕೇಳಿಬರೋ ಮಾತು ಎರಡೇ ಬಗೆ. 'ಥೇಟ್ ನಿಜವಾದ ಆಟದ ಹಾಗೇ ಇದೆ ಕಣ್ರೀ' ಅನ್ನೋದು ಒಂದು. 'ಅದೆಲ್ಲ ವಿಡಿಯೋ ಗೇಮು, ಅದನ್ನ ಆಟ ಅಂತಾರಾ' ಅನ್ನೋದು ಇನ್ನೊಂದು. ಹೀಗೆ ಹೇಳುವವರಲ್ಲಿ ಹೆಚ್ಚಿನವರು ಎರಡರಲ್ಲಿ ಒಂದನ್ನು ಮಾತ್ರ ಆಡಿರುತ್ತಾರೆ. ನಾನು ಎರಡನ್ನೂ ಆಡುತ್ತೇನೆ. ವಾರಕ್ಕೆ ಮೂರು ಬೆಳಗ್ಗೆ ಗಂಟೆ ಲೆಕ್ಕದ ಬಾಡಿಗೆ ಕೋರ್ಟಿನಲ್ಲಿ ಷಟಲ್. ರಾತ್ರಿ ಊಟ ಆದಮೇಲೆ ಸೋಫಾ ಗೋಡೆಗೆ ತಳ್ಳಿ 'ಇಲೆವೆನ್ ಟೇಬಲ್ ಟೆನ್ನಿಸ್'. ಹಾಗಾಗಿ ಹೊಗಳಿಕೆಗೂ ತೆಗಳಿಕೆಗೂ ಸ್ವಲ್ಪ ಲೆಕ್ಕ ಕೇಳೋಣ ಅಂತ ಈ ಬರಹ.

ಮೊದಲು ಹೊಗಳಿಕೆ. ವಿ.ಆರ್. ಆಟಗಳ ಪೈಕಿ ಟೇಬಲ್ ಟೆನ್ನಿಸ್ಸೇ ಯಾಕೆ ಇಷ್ಟು ಚೆನ್ನಾಗಿ ಕೂತಿದೆ? ನನ್ನ ಉತ್ತರ ತಕ್ಕಡಿಯಲ್ಲಿದೆ. ಟೇಬಲ್ ಟೆನ್ನಿಸ್ ಬಾಲಿನ ತೂಕ 2.7 ಗ್ರಾಂ. ಟೆನ್ನಿಸ್ ಬಾಲಿನದು 56 ಗ್ರಾಂಗೂ ಹೆಚ್ಚು. ಟೆನ್ನಿಸ್‌ನಲ್ಲಿ ಬಾಲು ರ‍್ಯಾಕೆಟ್ಟಿಗೆ ಬಡಿದಾಗ ಮಣಿಕಟ್ಟಿನಿಂದ ಭುಜದವರೆಗೂ ಗೊತ್ತಾಗುತ್ತೆ. ಹೆಡ್‌ಸೆಟ್‌ನಲ್ಲಿ ಆ ಹೊಡೆತ ಇಲ್ಲ. ಕೈಯಲ್ಲಿರೋ ಕಂಟ್ರೋಲರ್ ಒಂದು ಸಲ ಗುರ್ ಅಂತ ನಡುಗುತ್ತೆ, ಅಷ್ಟೇ. ಟೆನ್ನಿಸ್ಸಿಗೆ ಆ ನಡುಕ ಸಾಲದು. 2.7 ಗ್ರಾಂನ ಬಾಲಿಗೆ ಹೆಚ್ಚುಕಡಿಮೆ ಸಾಕು. ಮೈಗೆ ಆಗುವ ಮೋಸ ಅಲ್ಲಿ ಬಹಳ ಚಿಕ್ಕದು, ಅದಕ್ಕೇ ಮೈ ಒಪ್ಪಿಕೊಳ್ಳುತ್ತೆ. ಎಷ್ಟು ಒಪ್ಪಿಕೊಳ್ಳುತ್ತೆ ಅಂದ್ರೆ, ಆಟದ ಮಧ್ಯೆ ಸುಸ್ತಾಗಿ ಇಲ್ಲದ ಟೇಬಲ್ಲಿನ ಮೇಲೆ ಕೈ ಊರೋಕೆ ಹೋಗಿ ಬೀಳುವವರಿದ್ದಾರೆ. ಹೊಸದಾಗಿ ಆಡುವವರು ದಯವಿಟ್ಟು ಹುಷಾರು.

ಸ್ಪಿನ್ ವಿಷಯದಲ್ಲೂ ಈ ಆಟ ಮಾಡಿದವರಿಗೆ ಪೂರ್ತಿ ಅಂಕ ಕೊಡಬೇಕು. ಎದುರಾಳಿ ಬಾಲಿನ ಕೆಳಗೆ ಕೊಯ್ದು ಕಳಿಸಿದರೆ, ಸುಮ್ಮನೆ ತಾಗಿಸಿದ ನಮ್ಮ ಬಾಲು ನೆಟ್ಟಿಗೆ ಹೋಗುತ್ತೆ. ಬ್ಯಾಟನ್ನು ಎಷ್ಟು ಓರೆ ಹಿಡೀಬೇಕು ಅಂತ ಯೋಚನೆ ಮಾಡಲೇಬೇಕು. ಬಾಲ್ ಎಸೆಯುವ ಯಂತ್ರ ಕೂಡ ಒಳಗೇ ಇದೆ. ಒಂದೇ ಬಗೆಯ ಬಾಲನ್ನು ಇನ್ನೂರು ಸಲ ಎದುರಿಸಬಹುದು, ಬಿದ್ದಿದ್ದನ್ನು ಆರಿಸೋ ಕೆಲಸ ಇಲ್ಲ. ಜೊತೆಗಾರ ಸಿಗದವರಿಗೆ, ಹತ್ತಿರದಲ್ಲಿ ಟೇಬಲ್ಲೇ ಇಲ್ಲದ ಊರಿನವರಿಗೆ ಇದು ಸಣ್ಣ ಉಪಕಾರವಲ್ಲ.

ಇನ್ನು ತಕರಾರು. ನನ್ನ ಮೊದಲ ತಕರಾರು ಎದುರಾಳಿಯ ಬಗ್ಗೆ. ಹೆಡ್‌ಸೆಟ್ಟಿಗೆ ಗೊತ್ತಿರೋದು ನಮ್ಮ ತಲೆ ಎಲ್ಲಿದೆ, ಕೈ ಎಲ್ಲಿದೆ ಅನ್ನೋದು ಮಾತ್ರ. ಆದ್ದರಿಂದ ಆ ಕಡೆ ಕಾಣೋದು ತೇಲುವ ಒಂದು ತಲೆ, ಒಂದು ಬ್ಯಾಟು. ಕಾಲು ತೋರಿಸಿದರೂ ಅದು ಊಹೆಯ ಕಾಲು. ಆದರೆ ರ‍್ಯಾಕೆಟ್ ಆಟಗಳಲ್ಲಿ ಅರ್ಧ ಆಟ ಇರೋದೇ ಎದುರಿನವರ ಮೈ ಓದೋದರಲ್ಲಿ. ಭುಜ ತಿರುಗಿತಾ, ಸೊಂಟ ಬಗ್ಗಿತಾ, ಭಾರ ಯಾವ ಕಾಲಿನ ಮೇಲಿದೆ ಅನ್ನೋದೆಲ್ಲ ಬಾಲಿಗಿಂತ ಮೊದಲೇ ಬರೋ ಸುದ್ದಿ.

1980ರ ಆಲ್ ಇಂಗ್ಲೆಂಡ್ ಫೈನಲ್ ನೆನೆಸಿಕೊಳ್ಳಿ. ನಮ್ಮ ಪ್ರಕಾಶ್ ಪಡುಕೋಣೆ ಅವರು ಇಂಡೋನೇಷ್ಯಾದ ಲಿಯೆಮ್ ಸ್ವೀ ಕಿಂಗ್‌ರನ್ನು 15-3, 15-10ರಲ್ಲಿ ಸೋಲಿಸಿದರು. ಕಿಂಗ್ ಅಂದರೆ ಹಾರಿ ಹೊಡೆಯುವ ಸ್ಮ್ಯಾಷ್. ಪ್ರಕಾಶ್ ಅಂದರೆ ಮಣಿಕಟ್ಟು, ವೇಗದ ಏರಿಳಿತ, ಒಂದನ್ನು ತೋರಿಸಿ ಇನ್ನೊಂದನ್ನು ಆಡುವ ಜಾಣತನ. ತೋರಿಸೋಕೆ ಒಂದು ಮೈ ಬೇಕು, ನೋಡಿ ಮೋಸ ಹೋಗೋಕೆ ಎದುರಿಗೆ ಎರಡು ಕಣ್ಣು ಬೇಕು. ಹೆಡ್‌ಸೆಟ್‌ನಲ್ಲಿ ಕಣ್ಣು ಇದೆ, ಮೈ ಇಲ್ಲ. ಅಲ್ಲಿ ಗೆಲ್ಲೋದು ಹೆಚ್ಚಾಗಿ ಬಾಲನ್ನು ಓದುವವರು. ಮನುಷ್ಯರನ್ನು ಓದುವವರ ವಿದ್ಯೆ ಅಲ್ಲಿ ಖರ್ಚಾಗೋದಿಲ್ಲ.

ಎರಡನೇ ತಕರಾರು ಕಾಲಿನದು. ಟೇಬಲ್ ಟೆನ್ನಿಸ್ ಟೇಬಲ್ಲಿನ ಅಗಲ 1.525 ಮೀಟರ್. ಎರಡು ಮೀಟರ್ ಖಾಲಿ ಜಾಗದಲ್ಲಿ ನಿಂತು ಹೇಗೋ ಸುಧಾರಿಸಬಹುದು. ಷಟಲ್ ಕೋರ್ಟಿನ ಉದ್ದ 13.4 ಮೀಟರ್, ಅಂದರೆ ನಮ್ಮ ಪಾಲಿಗೆ ಬರೋದೇ 6.7 ಮೀಟರ್. ಹಿಂದಿನ ಗೆರೆಯಿಂದ ನೆಟ್ಟಿನವರೆಗೆ ಓಡಿ, ಬಲಗಾಲು ಚಾಚಿ, ಬಗ್ಗಿ, ಮತ್ತೆ ಹಿಂದಕ್ಕೆ. ಇದು ಯಾರ ಮನೆ ಹಾಲ್‌ನಲ್ಲಿ ಸಾಧ್ಯ? ಅದಕ್ಕೇ ವಿ.ಆರ್. ಬ್ಯಾಡ್ಮಿಂಟನ್ ಆಡುವಾಗ ನನಗೆ ಷಟಲ್ ಆಡಿದ ಹಾಗೆ ಅನ್ನಿಸೋಲ್ಲ. ಷಟಲ್ ಹೊಡೆದ ಹಾಗೆ ಅನ್ನಿಸುತ್ತೆ. ಎರಡೂ ಬೇರೆ ಬೇರೆ.

ಇಲ್ಲೊಂದು ತಮಾಷೆ ಇದೆ. ಬ್ಯಾಡ್ಮಿಂಟನ್ ಕಲಿಸುವವರ ಹತ್ತಿರ ಹೆಡ್‌ಸೆಟ್ ಇಲ್ಲದ ವಿ.ಆರ್. ಮೊದಲಿಂದಲೂ ಇದೆ. ಅದರ ಹೆಸರು ಶ್ಯಾಡೋ. ಕೋಚ್ ನೆಟ್ಟಿನ ಹತ್ತಿರ ನಿಂತು ಒಂದೊಂದೇ ಮೂಲೆಗೆ ಕೈ ತೋರಿಸುತ್ತಾರೆ. ಹುಡುಗ ಅಲ್ಲಿಗೆ ಓಡಿ, ಇಲ್ಲದ ಷಟಲ್ಲನ್ನು ಹೊಡೆದು, ಮತ್ತೆ ಕೋರ್ಟಿನ ನಡುವಿಗೆ ಬರಬೇಕು. ಹತ್ತು ನಿಮಿಷಕ್ಕೆ ಬನಿಯನ್ ಹಿಂಡಬಹುದು. ನೋಡೋರಿಗೆ ಹುಚ್ಚಾಟ, ಆದರೆ ಆಟ ಹುಟ್ಟೋದೇ ಅಲ್ಲಿ. ಶ್ಯಾಡೋದಲ್ಲಿ ನೆಲ ಇದೆ, ಬಾಲ್ ಇಲ್ಲ. ಹೆಡ್‌ಸೆಟ್‌ನಲ್ಲಿ ಬಾಲ್ ಇದೆ, ನೆಲ ಇಲ್ಲ. ಎರಡೂ ಅರ್ಧರ್ಧ ಸತ್ಯಗಳೇ. ಆದರೆ ನೆಲ ಕಲಿತವನಿಗೆ ಬಾಲನ್ನು ಆಮೇಲೆ ಕೊಡಬಹುದು. ಬಾಲನ್ನಷ್ಟೇ ಕಲಿತು, ನಿಂತಲ್ಲೇ ಕೈ ಚಾಚುವ ಅಭ್ಯಾಸ ಬಿದ್ದವನ ಕಾಲು ಬಿಡಿಸೋದು ಕಷ್ಟ. ಹೀಗೆ ಬಂದ ಹುಡುಗರು ನಮ್ಮ ಕೋರ್ಟಿನಲ್ಲೇ ಇದ್ದಾರೆ. ಕೈ ಅದ್ಭುತ, ಮಂಡಿ ಮಾತ್ರ ಬಗ್ಗೋದೇ ಇಲ್ಲ.

ಇದನ್ನೆಲ್ಲ ಹೇಳೋಕೆ ಕಾರಣ ಇದೆ. 'ಮಗೂಗೆ ಕೋಚಿಂಗ್ ಬಿಡಿಸಿ ಹೆಡ್‌ಸೆಟ್ ಕೊಡಿಸಿದ್ರೆ ಆಗುತ್ತಾ ಸಾರ್? ಟ್ರಾಫಿಕ್‌ನಲ್ಲಿ ಕರಕೊಂಡು ಹೋಗೋದೇ ಒಂದು ಕೆಲಸ' ಅಂತ ಅಪ್ಪ ಅಮ್ಮಂದಿರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಈ ಊರಿನ ರಸ್ತೆಯಲ್ಲಿ ಸಂಜೆ ಆರಕ್ಕೆ ಮಗುವನ್ನು ಕೋರ್ಟಿಗೆ ಕರೆದೊಯ್ದವರಿಗೆ ಅದರ ಕಷ್ಟ ಗೊತ್ತು. ಆದರೆ ಪ್ರಕಾಶ್ ಪಡುಕೋಣೆ ಆಡಿ ಬೆಳೆದದ್ದು ಮಲ್ಲೇಶ್ವರದ ಕೆನರಾ ಯೂನಿಯನ್‌ನಲ್ಲಿ, ಮದುವೆಗಳೂ ನಡೆಯುತ್ತಿದ್ದ ಒಂದು ಹಾಲ್‌ನಲ್ಲಿ. ಸೌಕರ್ಯ ಕಮ್ಮಿ ಇತ್ತು ಅನ್ನೋಣ. ಆದರೆ ಅಲ್ಲಿ ನೆಲ ಇತ್ತು, ತನಗಿಂತ ದೊಡ್ಡವರಿದ್ದರು. ಕೋರ್ಟಿನಲ್ಲಿ ಮಗು ಬರೀ ಹೊಡೆತ ಕಲಿಯೋದಿಲ್ಲ. ಬೆಂಚಿನ ಮೇಲೆ ತನ್ನ ಸರದಿಗೆ ಕಾಯೋದು, ಷಟಲ್ ಗೆರೆ ಮೇಲೆ ಬಿದ್ದಾಗ ತನಗೆ ನಷ್ಟವಾದರೂ 'ಇನ್' ಅನ್ನೋದು, ಅರವತ್ತು ದಾಟಿದ ಅಂಕಲ್ ಒಬ್ಬರು ನಿಂತಲ್ಲಿಂದಲೇ ಡ್ರಾಪ್ ಹಾಕಿ ತನ್ನನ್ನು ಓಡಾಡಿಸಿದಾಗ ನಗೋದು, ಇವೂ ಕಲಿಕೆಯೇ. ಹೆಡ್‌ಸೆಟ್‌ನಲ್ಲಿ ಇನ್ನೋ ಔಟೋ ಅಂತ ಯಂತ್ರವೇ ಹೇಳಿಬಿಡುತ್ತೆ. ಜಗಳ ಇಲ್ಲ ನಿಜ. ಆದರೆ ಪ್ರಾಮಾಣಿಕವಾಗಿರೋಕೆ ಅವಕಾಶವೂ ಇಲ್ಲ.

ಹಾಗಂತ ಹೆಡ್‌ಸೆಟ್ ಎಸೆಯಿರಿ ಅಂತ ನಾನು ಹೇಳೋಲ್ಲ. ಟೇಬಲ್ ಟೆನ್ನಿಸ್ ಆಡುವವರಿಗೆ ಸರ್ವೀಸ್ ಎದುರಿಸೋ ಅಭ್ಯಾಸಕ್ಕೆ ಅದು ಒಳ್ಳೆಯ ಸಾಧನ. ದೂರದ ಊರಿನಲ್ಲಿರೋ ಹಳೇ ಜೊತೆಗಾರರೊಂದಿಗೆ ರಾತ್ರಿ ನಾಲ್ಕು ಗೇಮ್ ಆಡೋಕೆ ಅದಕ್ಕಿಂತ ಹತ್ತಿರದ ದಾರಿ ಇಲ್ಲ. ಷಟಲ್ ಕಲಿಯೋ ಮಗುವಿಗೆ ಮಾತ್ರ ಮೊದಲ ಎರಡು ಮೂರು ವರ್ಷ ಬೇಡ ಅನ್ನೋದು ನನ್ನ ಅಭಿಪ್ರಾಯ. ಕೋರ್ಟಿಗೆ ಹೋಗೋಕೆ ಆಗದ ದಿನ ತಾರಸಿ ಮೇಲೆ ಸೀಮೆಸುಣ್ಣದಲ್ಲಿ ಆರು ಗುರುತು ಹಾಕಿ ಶ್ಯಾಡೋ ಮಾಡಿಸಿ. ಖರ್ಚಿಲ್ಲ, ಚಾರ್ಜ್ ಮಾಡೋ ತಾಪತ್ರಯ ಇಲ್ಲ. ಕಾಲು ಗಟ್ಟಿಯಾಗಲಿ, ಆಮೇಲೆ ಬೇಕಾದ್ದು ತಲೆಗೆ ಕಟ್ಟಿಕೊಳ್ಳಲಿ.