ಕ್ಯಾಟಲನ್ ಮಾಡಿದ ತಪ್ಪೇನು?

ಈ ವಾರ ಚೆಸ್‌ನ ಕ್ಯಾಟಲನ್ ಓಪನಿಂಗ್‌ನ ಮುಚ್ಚಿದ ಬಗೆಯಲ್ಲಿ ಮಂತ್ರಿಯನ್ನು ಸಿ2ಕ್ಕೆ ಯಾಕೆ ತರಬೇಕು ಅಂತ ಬರೆಯುವವನಿದ್ದೆ. ಅಷ್ಟರಲ್ಲಿ ಕಂಪ್ಲಿಯ ಓದುಗರೊಬ್ಬರು ಮತ್ತೆ ಕೆಣಕಿದರು: 'ನಿಮ್ಮ ಕ್ಯಾಟಲನ್ ಬಟುಮಿಯಾಗ ಮಕಾಡೆ ಮಲಗಿತಲ್ರೀ!'

2025ರ ಜುಲೈ 28, ಬಟುಮಿಯಲ್ಲಿ ಮಹಿಳಾ ಚೆಸ್ ವಿಶ್ವಕಪ್ ಫೈನಲ್. ಕ್ಲಾಸಿಕಲ್‌ನ ಎರಡೂ ಆಟ ಡ್ರಾ, ಮೊದಲ ರ‍್ಯಾಪಿಡ್ ಕೂಡ ಡ್ರಾ. ಎರಡನೆಯದರಲ್ಲಿ ಕೊನೇರು ಹಂಪಿ ಬಿಳಿ ಕಾಯಿ ಹಿಡಿದು ಕ್ಯಾಟಲನ್ ಆಡಿದರು, ದಿವ್ಯಾ ದೇಶಮುಖ್ ಗೆದ್ದರು. ಒಂದೂ ಗ್ರ್ಯಾಂಡ್‌ಮಾಸ್ಟರ್ ನಾರ್ಮ್ ಇಲ್ಲದೆ ಬಂದ 19ರ ನಾಗಪುರದ ಹುಡುಗಿ ಭಾರತದ 88ನೇ ಗ್ರ್ಯಾಂಡ್‌ಮಾಸ್ಟರ್ ಆಗಿ ಮರಳಿದರು. ಒಪ್ಪಿದೆ. ಆದರೆ ಆಟ ಕೈತಪ್ಪಿದ್ದು ಓಪನಿಂಗ್‌ನಲ್ಲಲ್ಲ. ಗಡಿಯಾರ ಕತ್ತು ಹಿಸುಕುತ್ತಿದ್ದಾಗ, ಎಂಡ್‌ಗೇಮ್‌ನಲ್ಲಿ. ಅದಕ್ಕೆ ಜಿ2ರ ಒಂಟೆಯನ್ನು ದೂರುವುದು ಯಾವ ನ್ಯಾಯ?

ದೂರುವವರು ಯಾರೆಂದು ಗೊತ್ತು. ಹೊಸಪೇಟೆ, ಸಂಡೂರಿನ ಮಕ್ಕಳಿಗೆ ಮೊಬೈಲ್‌ನಲ್ಲಿ 'ಎಂಟು ನಡೆಯಲ್ಲಿ ಗೆಲುವು' ಕಲಿಸುವ ಬಲೆಪಂಥದವರು. ಎದುರಾಳಿ ಬಲೆಗೆ ಬೀಳದಿದ್ದರೆ ಒಂಬತ್ತನೇ ನಡೆಗೆ ಇವರ ಶಿಷ್ಯರು ಪೋಷಕರ ಮುಖ ನೋಡುತ್ತಾರೆ.

ಇವರನ್ನೆಲ್ಲ ಹಂಪಿಗೆ ಕರೆದೊಯ್ಯಬೇಕು. ಅಲ್ಲಿನ ಕಲ್ಲುಹಾಸಿನ ಮೇಲೆ ಹುಲಿ-ಕುರಿ ಆಟದ ಮನೆಗಳನ್ನು ಕೊರೆದಿದ್ದಾರೆ. ನಮ್ಮಲ್ಲಿ ಆಡುವ ಬಗೆಯಲ್ಲಿ ಹುಲಿ 3, ಕುರಿ 15. ಹುಲಿ ಹಾರಿ ಕಡಿಯುತ್ತದೆ, ಕುರಿಗೆ ಕಡಿಯುವ ಹಕ್ಕೇ ಇಲ್ಲ. ಆದರೂ ಬಲ್ಲವರು ಕೇಳಿ ತೆಗೆದುಕೊಳ್ಳುವುದು ಕುರಿಯನ್ನೇ! ಒಂದರ ಬೆನ್ನಿಗೆ ಒಂದು ಒತ್ತಾಗಿ ನಿಂತು, ಹುಲಿಗೆ ಕಾಲಿಡಲು ಜಾಗವಿಲ್ಲದಂತೆ ಮಾಡಿದರೆ ಆಟ ಮುಗಿಯಿತು. ಕ್ಯಾಟಲನ್ ಕುರಿಯ ಆಟ. ಡಿ4, ಸಿ4, ಜಿ3. ಜಿ2ರಲ್ಲಿ ಕೂತ ಒಂಟೆ ಬಿ7ರವರೆಗೆ ಕಣ್ಣಿಟ್ಟಿರುತ್ತದೆ, ಯಾರನ್ನೂ ಕಡಿಯದೆ. ಕಪ್ಪಿನ ಮಂತ್ರಿ ಕಡೆಯ ಕಾಯಿಗಳು ಮನೆ ಬಿಟ್ಟು ಹೊರಬರಲು ಪರದಾಡುತ್ತವೆ.

ಹುಲಿಯಾಗಿ ಗೆದ್ದವರು ಜಂಬ ಕೊಚ್ಚಲಿ, ತಕರಾರಿಲ್ಲ. ನನ್ನ ತಕರಾರು ಕುರಿ ಹಿಡಿಯುವುದನ್ನೇ ಕಲಿಸದವರ ಮೇಲೆ. ಇನ್ನು ಬಟುಮಿ ಕಲಿಸಿದ ಪಾಠಕ್ಕೆ ಓಪನಿಂಗ್ ಪುಸ್ತಕ ಬೇಡ, ಎಂಡ್‌ಗೇಮ್ ಸಾಕು. ಹಾಗಾಗಿ ಮಂತ್ರಿ-ಸಿ2 ಇನ್ನೂ ಕಾಯಲಿ. ಮುಂದಿನ ವಾರ ಲುಸೆನಾ: ಒಂದು ಆನೆ, ಏಳನೇ ಸಾಲಿನ ಒಂದು ಕಾಲಾಳು, ಎದುರಿಗೊಂದು ಆನೆ. ಕಂಪ್ಲಿಯವರು ಬೋರ್ಡ್ ಜೋಡಿಸಿಟ್ಟುಕೊಳ್ಳಲಿ.