‘ರೂಪಾಂತರ ಶಿಲೆ’: ಒಂದು ಲಕ್ಷಣವಿಮರ್ಶೆ

ಕನ್ನಡದ ಭೂಗರ್ಭಶಾಸ್ತ್ರ ಪಾಠಗಳಲ್ಲಿ ಶಿಲೆಗಳನ್ನು ಅಗ್ನಿಶಿಲೆ, ಜಲಜಶಿಲೆ, ರೂಪಾಂತರ ಶಿಲೆ ಎಂದು ಮೂರಾಗಿ ವಿಭಾಗಿಸುವುದು ರೂಢಿ. ಮೂರನೆಯದಕ್ಕೆ ‘ಶಾಖದಿಂದಲೂ ಒತ್ತಡದಿಂದಲೂ ರೂಪವು ಬದಲಾದ ಕಲ್ಲು’ ಎಂಬುದೇ ಸಾಮಾನ್ಯವಾದ ವಿವರಣೆ. ಹೆಸರಾದರೋ 1833ರಲ್ಲಿ ಚಾರ್ಲ್ಸ್ ಲಯಲನು ಗ್ರೀಕ್ ಧಾತುಗಳಿಂದ ಕಟ್ಟಿದ ಪದಕ್ಕೆ ಸರಿಯಾದ ಪ್ರತಿಪದವೇ ಆಗಿದೆ. ದೋಷವಿರುವುದು ಹೆಸರಿನಲ್ಲಲ್ಲ, ಲಕ್ಷಣದಲ್ಲಿ.

‘ರೂಪವು ಬದಲಾದುದು’ ಎಂದಷ್ಟೇ ಹಿಡಿದರೆ ಅತಿವ್ಯಾಪ್ತಿ ಬರುವುದು. ಮೂಡಬಿದಿರೆಯ ಬಳಿಯ ಮಿಜಾರು ಮೊದಲಾದ ಊರುಗಳಲ್ಲಿ ಗೋಡೆಗೆ ಬಳಸುವ ಮುರಕಲ್ಲೂ ರೂಪ ಬದಲಾದ ಕಲ್ಲೇ. ಆದರೆ ಅದು ಮಳೆಬಿಸಿಲುಗಳಿಂದ ಶಿಥಿಲವಾಗಿ, ಕರಗತಕ್ಕ ಅಂಶಗಳು ತೊಳೆದುಹೋಗಿ, ಕಬ್ಬಿಣ ಅಲ್ಯೂಮಿನಿಯಮ್‌ಗಳ ಅಂಶ ಉಳಿದು ಗಟ್ಟಿಯಾದುದು. ಭೂಮಿಯ ಆಳದ ಶಾಖಕ್ಕೂ ಅದಕ್ಕೂ ಸಂಬಂಧವಿಲ್ಲ. ಈ ದೋಷವನ್ನು ಪರಿಹರಿಸಹೋಗಿ ಕೆಲವರು ‘ಕರಗಿ ಮತ್ತೆ ಗಟ್ಟಿಯಾದುದು’ ಎಂದು ಬೋಧಿಸುವುದುಂಟು. ಇದು ಮೊದಲಿನದಕ್ಕಿಂತ ಕೆಟ್ಟದು. ಕರಗಿ ಗಟ್ಟಿಯಾದುದು ಅಗ್ನಿಶಿಲೆ, ವಿಭಾಗವೇ ಕುಸಿದುಬೀಳುವುದು.

ವಾಸ್ತವದಲ್ಲಿ ನಡೆಯುವುದೇನು? ಶಿಲೆಯು ಘನವಾಗಿದ್ದುಕೊಂಡೇ ಬದಲಾಗುವುದು. ಜೇಡಿಯ ಪದರು ಆಳಕ್ಕೆ ಇಳಿದಂತೆ ಅದರ ಖನಿಜಗಳು ಆ ಶಾಖ ಒತ್ತಡಗಳಲ್ಲಿ ಸ್ಥಿರವಾಗಿ ನಿಲ್ಲಲಾರವು. ಕಣಸಂಧಿಗಳಲ್ಲಿರುವ ಅಲ್ಪವಾದ ನೀರಿನ ಸಹಾಯದಿಂದ ಪರಮಾಣುಗಳು ಸ್ಥಳ ಬದಲಿಸಿ ಹೊಸ ಖನಿಜಗಳಾಗಿ ಕೂಡಿಕೊಳ್ಳುವುವು. ಒಂದು ದಿಕ್ಕಿನ ಒತ್ತಡ ಹೆಚ್ಚಾಗಿದ್ದರೆ ಕಾಗೆಬಂಗಾರದ ಹಾಳೆಗಳು ಅದಕ್ಕೆ ಅಡ್ಡಲಾಗಿ ಸಾಲುಗಟ್ಟುವುವು. ಕಲ್ಲು ಪದರುಪದರಾಗಿ ಸೀಳುವುದು ಇದರಿಂದಲೇ. 1893ರಲ್ಲಿ ಜಾರ್ಜ್ ಬ್ಯಾರೋ ಎಂಬವರು ಸ್ಕಾಟ್ಲೆಂಡಿನ ಮಲೆನಾಡಿನಲ್ಲಿ, ಶಾಖವು ಏರಿದಂತೆಲ್ಲ ಹೊಸ ಹೊಸ ಸೂಚಕಖನಿಜಗಳು ಕಾಣಿಸಿಕೊಳ್ಳುವ ಕ್ರಮವನ್ನು ತೋರಿಸಿದರು. ಅವುಗಳಲ್ಲಿ ಬರುವ ಕಯನೈಟ್, ಸಿಲಿಮನೈಟ್ ಎಂಬೆರಡೂ, ಆಂಡಲೂಸೈಟ್ ಎಂಬ ಮತ್ತೊಂದೂ ದ್ರವ್ಯದಲ್ಲಿ ಒಂದೇ. ಭೇದವು ಪರಮಾಣುಗಳ ಜೋಡಣೆಯಲ್ಲಿ ಮಾತ್ರ. ಕಯನೈಟ್ ನಮ್ಮ ಹೊಳೆನರಸೀಪುರದ ಶಿಲಾಪಟ್ಟಿಯಲ್ಲಿಯೂ ಉಂಟು.

ಇಲ್ಲಿ ನಮ್ಮ ಶಾಸ್ತ್ರದ ಒಂದು ಹಳೆಯ ವಿವಾದವು ಅಧ್ಯಾಪಕರಿಗೆ ನೆರವಾದೀತು. ಹಸಿಯ ಮಡಕೆಯು ಆವಿಗೆಯಲ್ಲಿ ಕೆಂಪಾಗುವುದು ಹೇಗೆ? ಮಡಕೆಯು ಪರಮಾಣುಗಳಾಗಿ ಬಿಚ್ಚಿ, ಪರಮಾಣುಗಳಲ್ಲಿಯೇ ಬಣ್ಣ ಮಾರ್ಪಟ್ಟು, ಮತ್ತೆ ಕೂಡುವುದೆಂದು ವೈಶೇಷಿಕರ ಪೀಲುಪಾಕವಾದ. ಅವಯವಿಯು ಕೆಡದೆಯೇ ಪಾಕ ಹೊಂದುವುದೆಂದು ನೈಯಾಯಿಕರ ಪಿಠರಪಾಕವಾದ. ಶಿಲೆಯ ಮಟ್ಟಿಗೆ ಬಂಡೆಯು ಬಿಚ್ಚದೆ ಉಳಿಯುವುದರಿಂದ ನೈಯಾಯಿಕರ ಮಾತು ಹತ್ತಿರವಾಗಿದೆ. ಕಣಗಳೊಳಗೆ ನೋಡಿದರೆ ವೈಶೇಷಿಕರದೂ ತಳ್ಳತಕ್ಕದ್ದಲ್ಲ. ಪ್ರಾಚೀನರು ಭೂಗರ್ಭವಿದ್ಯೆಯನ್ನು ಬಲ್ಲವರಾಗಿದ್ದರೆಂದು ಸಾಧಿಸುವ ಚಪಲ ನನಗಿಲ್ಲ. ‘ಕರಗದೆಯೇ ಪಾಕವಾಗಬಹುದು’ ಎಂಬ ಕಲ್ಪನೆಯು ನಮ್ಮ ವಿದ್ಯಾರ್ಥಿಗಳಿಗೆ ಹೊರಗಿನದಲ್ಲವೆಂದಷ್ಟೇ ಹೇಳುವುದು.

ಹಾಗೆಂದು ‘ಹೊಸ ಖನಿಜ ಹುಟ್ಟಿರಲೇಬೇಕು’ ಎಂದು ಲಕ್ಷಣವನ್ನು ಬಿಗಿದರೆ ಅವ್ಯಾಪ್ತಿ. ಶುದ್ಧವಾದ ಸುಣ್ಣಕಲ್ಲು ಅಮೃತಶಿಲೆಯಾದಾಗ ಖನಿಜವು ಅದೇ. ಕಣಗಳು ಬೆಳೆದು ಒಂದರಲ್ಲೊಂದು ಹೊಂದಿಕೊಳ್ಳುವುವು, ಅಷ್ಟೆ. ಆದುದರಿಂದ ‘ಭೂಮಿಯ ಆಳದ ಶಾಖ, ಒತ್ತಡ, ದ್ರವಗಳಿಂದ ಘನಾವಸ್ಥೆಯಲ್ಲಿಯೇ ಖನಿಜಗಳಲ್ಲಾಗಲಿ ಕಣವಿನ್ಯಾಸದಲ್ಲಾಗಲಿ ಮಾರ್ಪಟ್ಟ ಶಿಲೆ’ ಎಂಬ ಲಕ್ಷಣವನ್ನು ಸೂಚಿಸುತ್ತೇನೆ. ‘ಪರಿಣಾಮಶಿಲೆ’ ಎಂಬ ಹೊಸ ಹೆಸರು ಸಾಂಖ್ಯರಿಗೆ ಒಪ್ಪಿಗೆಯಾದೀತು. ಈಗಿನ ಕನ್ನಡದಲ್ಲಿ ಪರಿಣಾಮವೆಂದರೆ ಫಲವೆಂದಾಗಿರುವುದರಿಂದ ಅದು ಬೇಡ.

ಕಲಾವಿಮರ್ಶಕರಿಗೂ ಇದು ಪ್ರಕೃತವೇ. 1117ರ ಬೇಲೂರಿನ ಗುಡಿಯ ಬಳಪದ ಕಲ್ಲು ಕ್ಲೋರೈಟ್ ಮೊದಲಾದ ಮೆತ್ತನೆಯ ಖನಿಜಗಳು ಹುಟ್ಟಿದ ರೂಪಾಂತರ ಶಿಲೆ. 1430ರ ಮೂಡಬಿದಿರೆಯ ಸಾವಿರಕಂಬದ ಬಸದಿಯದು ಗಡಸಾದ ಕಣಶಿಲೆ. ಕಲ್ಲನ್ನು ಎಣಿಸದೆ ಕುಸುರಿಯ ಸೂಕ್ಷ್ಮತೆಯಿಂದಲೇ ಶಿಲ್ಪಿಗಳ ತಾರತಮ್ಯ ಹೇಳುವ ಲೇಖನಗಳು ನಮ್ಮಲ್ಲಿ ಸಾಲದೆನ್ನುವಂತಿಲ್ಲ.

ಮೇಲಿನ ಲಕ್ಷಣಕ್ಕೂ ಒಂದು ಗಡಿಯುಂಟು. ಡಬ್ಲ್ಯು. ಎಫ್. ಸ್ಮೀತ್ ‘ಪೆನಿನ್ಸುಲರ್ ನೈಸ್’ ಎಂದು ಹೆಸರಿಟ್ಟ, ಮುನ್ನೂರು ಕೋಟಿ ವರ್ಷಕ್ಕೂ ಹಳೆಯದಾದ ಪಟ್ಟೆಗಲ್ಲು ಬೆಂಗಳೂರಿನ ಲಾಲ್‌ಬಾಗಿನಲ್ಲಿ ಕಾಣಸಿಗುವುದು. ಬೆಣಚು, ಫೆಲ್ಡ್‌ಸ್ಪಾರ್‌ಗಳ ಬಿಳಿಯ ಪಟ್ಟೆ, ಕರಿಯ ಕಾಗೆಬಂಗಾರದ ಪಟ್ಟೆ. ಈ ಜಾತಿಯ ಶಿಲೆಗಳಲ್ಲಿ ಕೆಲವೆಡೆ ಬಿಳಿಯ ಭಾಗವು ಅಂಶತಃ ಕರಗಿದುದೇ ಆಗಿದೆ. ಅಂತಹುದನ್ನು ‘ಮಿಶ್ರಶಿಲೆ’ ಎಂದು ಬೇರೆಯಾಗಿ ಕರೆಯುವುದು ಯುಕ್ತ.